ಪ್ರತಿಕ್ರಿಯೆ: ಶಿಕಾರಿಪುರದ ಹಿತ್ತಲಲ್ಲಿ ತುಂಬಿಸಿದ ಮಣ್ಣು ಕುಸಿದಿರುವುದು

ಮಾರ್ಚಿಯಲ್ಲಿ ತುಂಬಿಸಿದ ಒಂದಡಿ ಮಣ್ಣು ಮೊದಲ ಮಳೆಗೇ ಕುಸಿದು ಗೋಡೆ ಬುಡದಲ್ಲಿ ನೀರು ನಿಂತಿದೆ ಅಂದಿರಿ. ಬಹುಶಃ ಒಣಮಣ್ಣನ್ನು ಒಂದೇ ಸಲಕ್ಕೆ ಸುರಿದಿದ್ದಾರೆ. ತೇವವಿಲ್ಲದ ಮಣ್ಣು ಎಷ್ಟು ಗುದ್ದಿದರೂ ಬಿಗಿಯಾಗಲ್ಲ, ಮಳೆನೀರು ಇಳಿದಾಗ ಕೂತುಬಿಡುತ್ತದೆ.

ಮಳೆ ಬಿಡುವು ಕೊಟ್ಟಾಗ ಅದನ್ನು ಅಗೆದು ತೆಗೆಯಿರಿ. ಎರೆಮಣ್ಣು (ಜಿಗುಟಾದ ಕಪ್ಪು ಮಣ್ಣು), ಬೇರು ಇದ್ದರೆ ವಾಪಸ್ ಹಾಕಲೇಬೇಡಿ. ಎರೆ ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ. ಸಣ್ಣ ಕಲ್ಲು ಬೆರೆತ ಗರಸು ಮಣ್ಣು ತರಿಸಿ. ಗುದ್ದಿದರೆ ಸುಮಾರು ಐದರಲ್ಲೊಂದು ಭಾಗ ಇಳಿಯುತ್ತದೆ, ಹಾಗಾಗಿ 200 ಘನ ಅಡಿ ಬೇಕಿದ್ದರೆ 250 ಹೇಳಿ.

ಕೈಯಲ್ಲಿ ಗುದ್ದುವುದಾದರೆ 4 ಇಂಚು, ಯಂತ್ರವಾದರೆ 6 ಇಂಚಿನ ಪದರ ಹರಡಿ ನೀರು ಚಿಮುಕಿಸಿ. ಒಂದು ಹಿಡಿ ಹಿಸುಕಿ ನೋಡಿ: ಉಂಡೆ ನಿಲ್ಲಬೇಕು, ಬೆರಳಲ್ಲಿ ಒತ್ತಿದರೆ ಎರಡು ಹೋಳಾಗಬೇಕು, ಅಂಗೈಗೆ ನೀರು ಜಿನುಗಬಾರದು. ಆ ಹದ ಬಂದಮೇಲೇ ದಮ್ಮಸು ಮಾಡಿ (ಗುದ್ದಿ ಬಿಗಿ ಮಾಡಿ), ನಂತರ ಮುಂದಿನ ಪದರ. ಈ ಹದವೇ ಮುಖ್ಯ, ಅವಸರ ಮಾಡಬೇಡಿ.

ಗೋಡೆಯಿಂದ ಹೊರಕ್ಕೆ 10 ಅಡಿಗೆ 6 ಇಂಚು ಇಳಿಜಾರು ಕೊಡಿ. ಪ್ಲಿಂತ್ (ಮನೆಯ ನೆಲದ ಮಟ್ಟದವರೆಗಿನ ಗೋಡೆಯ ಬುಡ) 6 ಇಂಚಾದರೂ ಮಣ್ಣಿನ ಮೇಲೆ ಕಾಣುತ್ತಿರಲಿ, ಇಲ್ಲದಿದ್ದರೆ ಗೆದ್ದಲು ಗೋಡೆ ಹತ್ತುತ್ತದೆ. ಗೋಡೆಯಲ್ಲಿ ಓರೆ ಬಿರುಕೂ ಇದ್ದರೆ ಅಡಿಪಾಯವೇ ಕುಸಿದಿರಬಹುದು. ಮಣ್ಣು ಮುಟ್ಟುವ ಮೊದಲು ಎಂಜಿನಿಯರಿಗೆ ತೋರಿಸಿ.