ಭಾಷಣಕ್ಕೆ ಕರೆದ ಶಾಲೆ, ಬರೆಯಲು ಕುಳಿತ ಮಕ್ಕಳು

ಮಕ್ಕಳ ಸಾಹಿತಿಗಳು ಶಾಲೆಗಳಲ್ಲಿ ನಡೆಸುವ ಮಾತುಕತೆ ಮತ್ತು ಬರವಣಿಗೆಯ ಕಮ್ಮಟಗಳ ಬಗ್ಗೆ ಬೆಂಗಳೂರಿನ ಓದುಗರಿಂದ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಆಯ್ದು ಈ ಸಂಚಿಕೆಯಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ಮಕ್ಕಳಿಗಾಗಿ ಎರಡು ಕಥಾಸಂಕಲನಗಳನ್ನು ಪ್ರಕಟಿಸಿದ್ದೇನೆ. ವೈಟ್‌ಫೀಲ್ಡ್ ಕಡೆಯ ಒಂದು ಶಾಲೆಯವರು ನವೆಂಬರ್ 14ರ ಮಕ್ಕಳ ದಿನಾಚರಣೆಗೆ ಆಹ್ವಾನಿಸಿದ್ದಾರೆ. ಒಂದರಿಂದ ಹತ್ತನೆಯ ತರಗತಿಯವರೆಗಿನ ಸುಮಾರು 400 ಮಕ್ಕಳಿಗೆ ಸಭಾಂಗಣದಲ್ಲಿ ಒಂದು ಗಂಟೆಯ ‘ಕಥೆ ಬರೆಯುವ ಕಮ್ಮಟ’ ನಡೆಸಿಕೊಡಬೇಕಂತೆ. ಇದುವರೆಗೆ ಶಾಲೆಗಳಿಗೆ ಹೋಗಿ ಮಾತನಾಡಿದವನಲ್ಲ. ಹೇಗೆ ಸಿದ್ಧನಾಗಲಿ?
— ಲೇಖಕರೊಬ್ಬರು, ರಾಜಾಜಿನಗರ

ಉತ್ತರ: ಒಟ್ಟಿಗೆ 400 ಮಕ್ಕಳನ್ನು ಕೂರಿಸಿಕೊಂಡು ನಡೆಸುವುದು ಭಾಷಣವೇ ಹೊರತು ಕಮ್ಮಟವಲ್ಲ. ಕಮ್ಮಟವೆಂದರೆ ಪ್ರತಿ ಮಗುವೂ ಏನಾದರೂ ಬರೆಯಬೇಕು, ಬರೆದುದನ್ನು ಯಾರಾದರೂ ಅಲ್ಲಿಯೇ ಓದಬೇಕು, ಓದಿದವರು ಒಂದು ಪ್ರಶ್ನೆಯನ್ನಾದರೂ ಕೇಳಬೇಕು. ಒಬ್ಬ ಲೇಖಕ ಇದನ್ನು ಒಂದು ಸೆಕ್ಷನ್‌ನ 30–35 ಮಕ್ಕಳಿಗೆ ಮಾಡಬಹುದು, ಅದಕ್ಕಿಂತ ಹೆಚ್ಚಿಗಲ್ಲ. ಆದ್ದರಿಂದ ಮುಖ್ಯ ಶಿಕ್ಷಕರಿಗೆ ಈಗಲೇ ಫೋನ್ ಮಾಡಿ, ಐದರಿಂದ ಏಳನೆಯ ತರಗತಿಯವರಿಗೆ ಮಾತ್ರ ಸಭಾಂಗಣದಲ್ಲಿ 20 ನಿಮಿಷ ಮಾತನಾಡುವುದಾಗಿಯೂ, ಬಳಿಕ ಒಂದೇ ಸೆಕ್ಷನ್‌ನ ಮಕ್ಕಳೊಡನೆ ಅವರ ತರಗತಿ ಕೋಣೆಯಲ್ಲೇ ಎರಡು ಪೀರಿಯಡ್ ಬಿಡುವಿಲ್ಲದೆ ಕುಳಿತುಕೊಳ್ಳುವುದಾಗಿಯೂ ಹೇಳಿ. ಶಾಲೆಯವರು ಸಾಮಾನ್ಯವಾಗಿ ಒಪ್ಪುತ್ತಾರೆ. ಬರುವ ಅತಿಥಿಗಳು ಹೀಗೆ ಕೇಳುವುದಿಲ್ಲವಾದ್ದರಿಂದ ಅವರಿಗೂ ಅದು ಹೊಳೆದಿರುವುದಿಲ್ಲ. ಒಂದನೆಯ ತರಗತಿಯ ಮಗು ನಗುವ ಕಡೆ ಹತ್ತನೆಯವರು ಆಕಳಿಸುತ್ತಾರೆ ಎಂಬ ಕಾರಣವನ್ನೂ ಸೇರಿಸಿ ಹೇಳಿದರೆ ಯಾವ ಶಿಕ್ಷಕರೂ ಅದನ್ನು ಅಲ್ಲಗಳೆಯುವುದಿಲ್ಲ.

ಇನ್ನು ಆ 20 ನಿಮಿಷಗಳ ಮಾತಿನಲ್ಲಿ ನಿಮ್ಮ ಜೀವನ ಚರಿತ್ರೆ ಬೇಡ. ಪ್ರಶಸ್ತಿ, ಪುಸ್ತಕಗಳ ಪಟ್ಟಿಯನ್ನು ಪರಿಚಯ ಮಾಡಿಕೊಡುವವರು ಈಗಾಗಲೇ ಓದಿರುತ್ತಾರೆ, ಒಂದೆರಡು ಹೆಸರು ತಪ್ಪಾಗಿಯಾದರೂ ಸರಿ. ನಿಮ್ಮ ಒಂದು ಕಥೆಯನ್ನು ಓದಿ, ನಡುವೆ ನಿಲ್ಲಿಸಿ, ಮುಂದೇನಾಗಬಹುದೆಂದು ಮಕ್ಕಳನ್ನೇ ಕೇಳಿ. ಮನೆಯಿಂದ ಹೊರಡುವಾಗ ಅದೇ ಕಥೆಯ ಕೈಬರಹದ ಮೊದಲ ಪ್ರತಿ, ಕರಡು ತಿದ್ದಿದವರು ಕೆಂಪು ಶಾಯಿಯಲ್ಲಿ ಗುರುತು ಹಾಕಿದ ಹಾಳೆ, ಚಿತ್ರಕಾರರ ಪೆನ್ಸಿಲ್ ರೇಖಾಚಿತ್ರ, ಕೊನೆಗೆ ಅಚ್ಚಾದ ಪುಟ, ಇಷ್ಟನ್ನೂ ಒಂದು ಫೈಲಿನಲ್ಲಿ ಇಟ್ಟುಕೊಳ್ಳಿ. ಪುಸ್ತಕ ಬರೆಯುವವರು ತಪ್ಪಿಲ್ಲದೆ ಒಂದೇ ಸಲಕ್ಕೆ ಬರೆದುಬಿಡುತ್ತಾರೆ ಎಂದೇ ಬಹುಪಾಲು ಮಕ್ಕಳು ನಂಬಿರುತ್ತಾರೆ. ಆರಂಭದ ಪ್ಯಾರಾ ಇಡಿಯಾಗಿ ಹೊಡೆದುಹೋಗಿರುವ ಹಾಳೆಯನ್ನು ಕಂಡಾಗ ಅವರಿಗೆ ಆಗುವ ಸಮಾಧಾನವನ್ನು ಯಾವ ಉಪದೇಶವೂ ತರಲಾರದು.

ಪುಸ್ತಕದಿಂದ ನಿಮಗೆಷ್ಟು ದುಡ್ಡು ಬರುತ್ತದೆ ಎಂದು ಒಬ್ಬರಾದರೂ ಕೇಳಿಯೇ ಕೇಳುತ್ತಾರೆ. ಶಿಕ್ಷಕರು ಗದರುವ ಮೊದಲೇ ಉತ್ತರಿಸಿಬಿಡಿ. ಗೌರವಧನ ಸಾಮಾನ್ಯವಾಗಿ ಮುಖಬೆಲೆಯ ಶೇಕಡಾ 10ರ ಆಸುಪಾಸಿನಲ್ಲಿರುತ್ತದೆ, ಅಂದರೆ 80 ರೂಪಾಯಿಯ ಪುಸ್ತಕಕ್ಕೆ 8 ರೂಪಾಯಿ ಎಂದರೆ, ಉಳಿದ 72 ರೂಪಾಯಿ ಯಾರಿಗೆ ಎಂಬ ಪ್ರಶ್ನೆ ತಾನಾಗಿಯೇ ಬರುತ್ತದೆ. ಕಾಗದ, ಅಚ್ಚು, ಚಿತ್ರ, ಅಂಗಡಿಯ ರಿಯಾಯಿತಿಗಳ ಬಗ್ಗೆ ಮಾತನಾಡಲು ಅದಕ್ಕಿಂತ ಒಳ್ಳೆಯ ಸಂದರ್ಭ ಸಿಗದು.

ಕನ್ನಡದಲ್ಲಿ ಮಕ್ಕಳಿಗಾಗಿ ಬರೆದ ಮೊದಲಿಗರಲ್ಲಿ ಒಬ್ಬರಾದ ಪಂಜೆ ಮಂಗೇಶರಾಯರು ಶಾಲೆಗಳ ಇನ್ಸ್‌ಪೆಕ್ಟರರೂ ಆಗಿದ್ದರು. ತರಗತಿಯ ಒಡನಾಟ ಅವರಿಗೆ ವೃತ್ತಿಯಿಂದಲೇ ಒದಗಿತ್ತು. ಮನೆಯ ಮೇಜಿನ ಮುಂದೆ ಕುಳಿತು ಬರೆಯುವ ನಮ್ಮಂಥವರಿಗೆ ಅಪರಿಚಿತ ಮಕ್ಕಳ ಮಾತು ಕೇಳಿಸುವುದು ಇಂಥ ಭೇಟಿಗಳಲ್ಲಿಯೇ. ಆದ್ದರಿಂದ ನೀವು ಆಡುವ ಮಾತಿಗಿಂತ ಕೇಳಿಸಿಕೊಳ್ಳುವ ಮಾತು ಹೆಚ್ಚಿರಲಿ.

ಇನ್ನೊಂದು ಸಲಹೆ. ರಾಜ್ಯೋತ್ಸವದಿಂದ ಮಕ್ಕಳ ದಿನಾಚರಣೆಯವರೆಗಿನ ಎರಡು ವಾರ ಶಾಲೆಗಳಲ್ಲಿ ನೃತ್ಯದ ತಾಲೀಮು, ಧ್ವನಿವರ್ಧಕ, ವೇಷಭೂಷಣಗಳದೇ ಭರಾಟೆ. ಮುಂದಿನ ವರ್ಷ ಜೂನ್ ಕೊನೆಯಲ್ಲೋ ಜುಲೈನಲ್ಲೋ ದಿನ ಕೇಳಿ. ಈ ಬಾರಿ ಹೋಗುವುದೇ ಆದರೆ ಕಾರು ಬೇಡ. ರಾಜಾಜಿನಗರದಲ್ಲಿ ಹಸಿರು ಮಾರ್ಗದ ಮೆಟ್ರೊ ಹತ್ತಿ ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗಕ್ಕೆ ಬದಲಾಯಿಸಿದರೆ ಪ್ರಾರ್ಥನೆಯ ಹೊತ್ತಿಗೆ ತಲುಪಬಹುದು.

ಪ್ರಶ್ನೆ: ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಕನ್ನಡ ಶಿಕ್ಷಕಿ. ಕಥೆ ಬರೆಯಿರಿ ಎಂದರೆ ಮಕ್ಕಳೆಲ್ಲರೂ ‘ಒಂದಾನೊಂದು ಊರಿನಲ್ಲಿ’ ಎಂದು ಆರಂಭಿಸಿ ನೀತಿಯೊಂದರಲ್ಲಿ ಮುಗಿಸುತ್ತಾರೆ. ಕಾಗುಣಿತದ ತಪ್ಪುಗಳೂ ಹೇರಳ. ನಮ್ಮಲ್ಲಿಗೆ ಲೇಖಕರೊಬ್ಬರು ಕಮ್ಮಟಕ್ಕೆ ಬರುವವರಿದ್ದಾರೆ. ಅದಕ್ಕೆ ಮೊದಲೇ ಮಕ್ಕಳಿಗೆ ತರಬೇತಿ ಕೊಡಬೇಕೆ? ಬರೆದುದನ್ನು ಹೇಗೆ ತಿದ್ದಬೇಕು?
— ಶಿಕ್ಷಕಿ, ಯಲಹಂಕ

ಉತ್ತರ: ತರಬೇತಿ ಖಂಡಿತ ಬೇಡ. ಕೊಟ್ಟ ಸುಳಿವುಗಳನ್ನು ಬೆಳೆಸಿ, ಕೊನೆಗೆ ನೀತಿ ಬರೆದರೆ ಅಂಕ ಸಿಗುತ್ತದೆ ಎಂಬುದನ್ನು ಮಕ್ಕಳು ಪರೀಕ್ಷೆಯಿಂದ ಕಲಿತಿದ್ದಾರೆ. ಕಥೆ ಎಂಬ ಮಾತು ಕಿವಿಗೆ ಬಿದ್ದೊಡನೆ ಅವರ ಕೈ ಆ ಅಭ್ಯಾಸಕ್ಕೆ ಹೊರಳುತ್ತದೆ. ಹಾಗಾಗಿ ಕಮ್ಮಟದ ಮೊದಲರ್ಧದಲ್ಲಿ ಆ ಮಾತನ್ನೇ ಎತ್ತದಿರುವುದು ಲೇಸು. ಈ ಬೆಳಿಗ್ಗೆ ಮನೆಯಿಂದ ಶಾಲೆಗೆ ಬರುವ ದಾರಿಯಲ್ಲಿ ಕಂಡ ಮೂರು ಸಂಗತಿಗಳನ್ನು ಬರೆಯಲು ಹೇಳಿ. ಮೂರರಲ್ಲಿ ಒಂದನ್ನು ಆರಿಸಿಕೊಳ್ಳಲಿ. ಅಲ್ಲಿ ಯಾರಿದ್ದರು, ಅವರು ಏನೆಂದರು, ಅವರ ಬಾಯಿಂದ ಬಂದ ಮಾತೇ ಬೇಕು ಎಂದು ಒಂದೊಂದಾಗಿ ಕೇಳುತ್ತ ಹೋಗಿ.

ನಾನು ನಡೆಸಿದ ಒಂದು ಕಮ್ಮಟದಲ್ಲಿ ಆರನೆಯ ತರಗತಿಯ ಹುಡುಗನೊಬ್ಬ ನೀರಿನ ಟ್ಯಾಂಕರನ್ನು ಆರಿಸಿಕೊಂಡು, ‘ನೀರನ್ನು ಮಿತವಾಗಿ ಬಳಸಬೇಕು’ ಎಂದು ಬರೆದು ಪೆನ್ಸಿಲ್ ಕೆಳಗಿಟ್ಟು ಕುಳಿತಿದ್ದ. ಟ್ಯಾಂಕರ್ ಬಂದ ದಿನ ನಿಮ್ಮ ಮನೆಯಲ್ಲಿ ಏನೇನಾಗುತ್ತದೆ ಎಂದು ಕೇಳಿದೆ. ತುಸು ಹೊತ್ತು ಯೋಚಿಸಿ, ‘ಟ್ಯಾಂಕರ್ ಬಂದ ದಿನ ನಮ್ಮ ಅಜ್ಜಿ ಯಾರ ಹತ್ರಾನೂ ಜಗಲ ಆಡಲ್ಲ. ಎಲ್ಲಾ ಬಿಂದಿಗೆ ತುಂಬಿದಮೇಲೆ ಆಡ್ತಾಳೆ’ ಎಂದು ಬರೆದ. ನನ್ನ ಮಟ್ಟಿಗೆ ಅಷ್ಟರಲ್ಲೇ ಕಥೆ ಹುಟ್ಟಿಯಾಗಿತ್ತು. ಜಗಳದ ‘ಳ’ಕಾರ ತಪ್ಪಿತ್ತು, ನಿಜ. ಆದರೆ ಮೊದಲ ವಾಕ್ಯ ಮುಗಿಯುತ್ತಿದ್ದಂತೆ ಅದಕ್ಕೆ ಕೆಂಪು ಸುತ್ತು ಬಿದ್ದಿದ್ದರೆ ಎರಡನೆಯ ವಾಕ್ಯ ಬರುತ್ತಲೇ ಇರಲಿಲ್ಲ. ಬಿಂದಿಗೆಗಳು ಎಷ್ಟು, ಪ್ಲಾಸ್ಟಿಕ್ಕಿನವೋ ಸ್ಟೀಲಿನವೋ, ಜಗಳ ಯಾರ ಜೊತೆ ಎಂದು ಕೇಳಿದ ಮೇಲೆ ಹುಡುಗ ಹಾಳೆಯ ಹಿಂಬದಿಗೂ ಹೋದ.

ತಿದ್ದುವುದಕ್ಕೂ ಒಂದು ಸಮಯವಿದೆ. ಬರೆದುದು ಗೋಡೆ ಪತ್ರಿಕೆಗೆ ಹೋಗುತ್ತದೆ, ಊರವರೆಲ್ಲ ಓದುತ್ತಾರೆ ಎಂದು ತಿಳಿದಾಗ ಮಕ್ಕಳು ತಾವಾಗಿಯೇ ಬಂದು ಇದು ಸರಿಯೇ ಎಂದು ಕೇಳುತ್ತಾರೆ. ಎರಡನೆಯ ಸಲ ನಕಲು ಮಾಡುವಾಗ ಒತ್ತಕ್ಷರ, ದೀರ್ಘ, ಲ–ಳ, ಅ–ಹ ಇವುಗಳನ್ನು ಸರಿಪಡಿಸಿಕೊಡಿ, ಆಡುಮಾತನ್ನು ಮುಟ್ಟಬೇಡಿ. ನಿಮ್ಮ ಭಾಗದ ಶಾಲೆಗಳಲ್ಲಿ ಕಲಬುರಗಿ, ರಾಯಚೂರು, ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಕ್ಕಳೂ ಇರುತ್ತಾರೆ. ತಮ್ಮ ಮಾತಿಗೆ ತರಗತಿಯಲ್ಲಿ ಉಳಿದವರು ನಗುತ್ತಾರೆಂದು ಬಾಯಿ ಬಿಡದ ಆ ಮಕ್ಕಳು ಹಾಳೆಯ ಮೇಲೆ ‘ಅವ್ವ’ ಎಂದು ಬರೆದಾಗ ಅದನ್ನು ‘ತಾಯಿ’ ಎಂದು ತಿದ್ದಿದರೆ, ಮುಂದಿನ ಸಲ ಅವರು ಬರೆದುಕೊಡುವುದು ಪಠ್ಯಪುಸ್ತಕವನ್ನೇ.

ಸಾಮಗ್ರಿ ಹೆಚ್ಚೇನೂ ಬೇಡ. ಗೆರೆಯಿಲ್ಲದ ಬಿಳಿ ಹಾಳೆ, ಪೆನ್ಸಿಲ್ ಸಾಕು. ರಬ್ಬರನ್ನು ಮಾತ್ರ ಮೊದಲೇ ಚೀಲಕ್ಕೆ ಹಾಕಿಸಿಬಿಡಿ, ಇಲ್ಲವಾದರೆ ಅರ್ಧ ಪೀರಿಯಡ್ ಅಳಿಸುವುದರಲ್ಲೇ ಕಳೆಯುತ್ತದೆ; ಬೇಡವಾದುದಕ್ಕೆ ಒಂದು ಅಡ್ಡಗೆರೆ ಎಳೆದರಾಯಿತು. ಲೇಖಕರು ಬಂದಾಗ ನೀವು ಹಾಜರಿ ಪುಸ್ತಕ ತುಂಬುತ್ತ ಕೂರದೆ ಹಿಂದಿನ ಬೆಂಚಿನಲ್ಲಿ ಕುಳಿತು ಮಕ್ಕಳ ಜೊತೆಯಲ್ಲೇ ಬರೆಯಿರಿ. ಪ್ರಥಮ, ದ್ವಿತೀಯ ಬಹುಮಾನಗಳಂತೂ ಬೇಡವೇ ಬೇಡ. ಸ್ಪರ್ಧೆಗೆ ಪ್ರತಿಭಾ ಕಾರಂಜಿಯಿದೆ. ಸರ್ಕಾರಿ ಶಾಲೆಯವರಾದ ನಿಮಗೆ ತಿಂಗಳಿಗೊಮ್ಮೆ ಬರುವ ಬ್ಯಾಗ್‌ರಹಿತ ‘ಸಂಭ್ರಮ ಶನಿವಾರ’ ಇಂಥ ಕೆಲಸಕ್ಕೆ ಹೇಳಿ ಮಾಡಿಸಿದ ದಿನ.

ಪ್ರಶ್ನೆ: ಮಗ ಇಂಗ್ಲಿಷ್ ಮಾಧ್ಯಮದಲ್ಲಿ ಐದನೆಯ ತರಗತಿ. ಮನೆಯಲ್ಲಿ ಕನ್ನಡ ಸರಾಗವಾಗಿ ಮಾತನಾಡುತ್ತಾನೆ, ಬರೆಯಲು ತಡವರಿಸುತ್ತಾನೆ. ಶಾಲೆಯಲ್ಲಿ ಕನ್ನಡ ಕಥಾ ಕಮ್ಮಟವಿದೆ. ಅಲ್ಲಿ ಮುಜುಗರಕ್ಕೊಳಗಾಗುತ್ತಾನೆಂಬ ಭಯ.
— ಪೋಷಕರು, ಜೆ.ಪಿ. ನಗರ

ಉತ್ತರ: ಕಳುಹಿಸಿ. ಕನ್ನಡ ಭಾಷಾ ಕಲಿಕೆ ಅಧಿನಿಯಮ, 2015ರ ಪ್ರಕಾರ ರಾಜ್ಯದ ಶಾಲೆಗಳಲ್ಲಿ ಕನ್ನಡವನ್ನು ಮೊದಲನೆಯ ಅಥವಾ ಎರಡನೆಯ ಭಾಷೆಯಾಗಿ ಕಲಿಸಬೇಕಾಗಿರುವುದರಿಂದ ಅಕ್ಷರದ ಪರಿಚಯ ಅಲ್ಲಿರುವ ಮಕ್ಕಳಿಗೆಲ್ಲ ಇರುತ್ತದೆ, ನಾಲಿಗೆಯ ವೇಗ ಕೈಗೆ ಇರುವುದಿಲ್ಲ ಅಷ್ಟೇ. ಅನುಭವವುಳ್ಳ ಲೇಖಕರು ಮೊದಲ ಕಾಲು ಗಂಟೆ ಮಾತಿನಲ್ಲೇ ಕಥೆ ಕಟ್ಟಿಸಿ, ಬಳಿಕ ಮಕ್ಕಳನ್ನು ಜೋಡಿಯಾಗಿ ಕೂರಿಸಿ, ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಬರೆಯುವಂತೆ ಮಾಡುತ್ತಾರೆ. ‘ಲಿಫ್ಟ್’, ‘ಸೆಕ್ಯುರಿಟಿ ಅಂಕಲ್’ ಎಂಬ ಮಾತುಗಳು ಬಂದರೂ ಯಾರೂ ಆಕ್ಷೇಪಿಸಬಾರದು. ಅವನು ಬೆಳೆಯುತ್ತಿರುವ ಕನ್ನಡದಲ್ಲಿ ಅವು ಇವೆ. ನೀವು ಮಾಡಬಾರದ ಕೆಲಸವೊಂದಿದೆ: ಹಿಂದಿನ ರಾತ್ರಿ ನೀವೇ ಒಂದು ಕಥೆ ಬರೆದು ಬಾಯಿಪಾಠ ಮಾಡಿಸಿ ಕಳುಹಿಸುವುದು. ಅಂಥ ಕಥೆ ಎರಡು ಸಾಲಿನಲ್ಲೇ ಗೊತ್ತಾಗುತ್ತದೆ.

ಓದಿಗಾಗಿ ಬಸವನಗುಡಿಯ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್‌ನ ಮಕ್ಕಳ ಗ್ರಂಥಾಲಯಕ್ಕೆ ಕರೆದುಕೊಂಡು ಹೋಗಿ. ಬೆಂಗಳೂರಿನದೇ ಆದ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ಎಂಬ ಜಾಲತಾಣದಲ್ಲಿ ಕನ್ನಡದ ಸಚಿತ್ರ ಪುಸ್ತಕಗಳು ಉಚಿತವಾಗಿ ಸಿಗುತ್ತವೆ, ಓದಿನ ಹಂತಗಳಿಗೆ ತಕ್ಕಂತೆ ಅವನ್ನು ವಿಂಗಡಿಸಿಯೂ ಇಟ್ಟಿದ್ದಾರೆ.

ಪ್ರಶ್ನೆ: ಶಾಲೆಗಳಲ್ಲಿ ಶಾಲು, ಹಾರ, ಹಣ್ಣಿನ ಬುಟ್ಟಿ ಸಿಗುತ್ತವೆ. ಸಂಭಾವನೆ ಕೇಳುವುದು ಸರಿಯೇ?
— ಲೇಖಕಿ, ವಿಜಯನಗರ

ಉತ್ತರ: ಸರಿ. ಶುಲ್ಕ ಪಡೆಯುವ ಖಾಸಗಿ ಶಾಲೆಯಾದರೆ ದಿನಾಂಕ ಒಪ್ಪಿಕೊಳ್ಳುವ ಮೊದಲೇ ಮೊತ್ತವನ್ನು ಪತ್ರದಲ್ಲಿ ತಿಳಿಸಿ. ಕಾರ್ಯಕ್ರಮ ಮುಗಿದ ಮೇಲೆ ಕೇಳುವುದು ಇಬ್ಬರಿಗೂ ಇರಿಸುಮುರಿಸು. ಸರ್ಕಾರಿ ಶಾಲೆಯಲ್ಲಿ ಸಂಭಾವನೆ ನಿರೀಕ್ಷಿಸುವುದು ಕಷ್ಟ. ಹಾರ, ಶಾಲಿಗೆ ಮಾಡುವ ಖರ್ಚಿನಲ್ಲಿ ಶಾಲೆಯ ಗ್ರಂಥಾಲಯಕ್ಕೆ ಕನ್ನಡ ಪುಸ್ತಕಗಳನ್ನು ಕೊಳ್ಳಿರೆಂದು ಎಸ್‌ಡಿಎಂಸಿಯವರಿಗೆ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಹೇಳಿ. ಎಲ್ಲಿಯೇ ಆಗಲಿ, ಮಾತು ಮುಗಿಸಿ ಮಕ್ಕಳ ಮುಂದೆ ಪುಸ್ತಕ ಮಾರಲು ಕೂರಬೇಡಿ. ಅಂದು ದುಡ್ಡು ತಂದಿಲ್ಲದ ಮಗು ನಿಮ್ಮ ಹಸ್ತಾಕ್ಷರದ ಸಾಲಿನಿಂದ ಹಿಂದೆ ಸರಿಯುವುದನ್ನು ಒಮ್ಮೆ ಗಮನಿಸಿದರೆ ಆ ಆಸೆ ಉಳಿಯುವುದಿಲ್ಲ.

ಪ್ರಶ್ನೆ: ಕಮ್ಮಟದಲ್ಲಿ ಮಕ್ಕಳು ಬರೆದುದನ್ನು ಪುಸ್ತಿಕೆಯಾಗಿ ತರುವ ಆಲೋಚನೆಯಿದೆ. ಜೊತೆಗೆ ಹಿರಿಯ ಕವಿಗಳ ಕೆಲವು ಶಿಶುಗೀತೆಗಳನ್ನೂ ಮಕ್ಕಳ ಫೋಟೊಗಳನ್ನೂ ಸೇರಿಸಬಹುದೆ?
— ಮುಖ್ಯ ಶಿಕ್ಷಕರು, ಕೆಂಗೇರಿ

ಉತ್ತರ: ಮಗು ಬರೆದ ಕಥೆಯ ಹಕ್ಕು 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಮಗುವಿನದೇ, ಶಾಲೆಯದೂ ಅಲ್ಲ, ಕಮ್ಮಟ ನಡೆಸಿದ ಲೇಖಕರದೂ ಅಲ್ಲ. ಪ್ರಕಟಣೆಗೆ ಪೋಷಕರಿಂದ ಲಿಖಿತ ಒಪ್ಪಿಗೆ ಪಡೆಯಿರಿ. ಅತಿಥಿ ಲೇಖಕರು ಅದನ್ನು ತಮ್ಮ ಪುಸ್ತಕಕ್ಕೆ ಬಳಸುವಂತಿಲ್ಲ ಎಂಬುದನ್ನೂ ಸೌಜನ್ಯದಿಂದಲೇ ತಿಳಿಸಿಬಿಡಿ. ಹಿರಿಯರ ಕೃತಿಗಳಿಗೆ ಹಕ್ಕಿನ ಅವಧಿ ಅವರು ತೀರಿಕೊಂಡ ಮರುವರ್ಷದ ಆರಂಭದಿಂದ 60 ವರ್ಷ. ಪಂಜೆಯವರು ನಿಧನರಾದದ್ದು 1937ರಲ್ಲಾದ್ದರಿಂದ ಅವರ ಪದ್ಯಗಳನ್ನು ಯಾರು ಬೇಕಾದರೂ ಅಚ್ಚು ಹಾಕಬಹುದು. ಜಿ.ಪಿ. ರಾಜರತ್ನಂ ಅವರು ನಿಧನರಾದದ್ದು 1979ರಲ್ಲಿ, ಹಾಗಾಗಿ 2039ರ ಕೊನೆಯವರೆಗೆ ಹಕ್ಕುದಾರರ ಅನುಮತಿ ಬೇಕು; ಕುವೆಂಪು ಅವರ ಪದ್ಯಗಳಿಗೆ 2054ರ ಕೊನೆಯವರೆಗೆ. ತರಗತಿಯಲ್ಲಿ ಪಾಠದ ಅಂಗವಾಗಿ ಹಾಡಿಸಲು ಯಾವ ಅಡ್ಡಿಯೂ ಇಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಪುಟಗಳೆಲ್ಲವೂ ಮಕ್ಕಳಿಗೇ ಇರಲಿ. ಹಿರಿಯರ ಪದ್ಯಗಳು ಬೇರೆಡೆ ಸಿಗುತ್ತವೆ.

ಫೋಟೊಗಳಿಗೂ ಪೋಷಕರ ಒಪ್ಪಿಗೆ ಬೇಕು. ಶಾಲೆಯ ಫೇಸ್‌ಬುಕ್ ಪುಟದಲ್ಲಿ ಮಗುವಿನ ಚಿತ್ರ, ಪೂರ್ಣ ಹೆಸರು, ತರಗತಿ ಮೂರನ್ನೂ ಒಟ್ಟಿಗೆ ಹಾಕಬೇಡಿ. ಕಮ್ಮಟ ನಡೆಯುವಷ್ಟು ಹೊತ್ತೂ ಶಾಲೆಯ ಶಿಕ್ಷಕರೊಬ್ಬರು ಕೋಣೆಯಲ್ಲಿಯೇ ಇರಬೇಕು, ಅತಿಥಿ ಎಷ್ಟೇ ಹೆಸರಾಂತರಾದರೂ ಸರಿ. ಅಚ್ಚಿನ ಖರ್ಚು ದುಬಾರಿ ಎನಿಸಿದರೆ ಮಕ್ಕಳ ಕೈಬರಹವನ್ನೇ ಜೆರಾಕ್ಸ್ ಮಾಡಿ ಪಿನ್ ಹೊಡೆದು ಕೊಡಿ. ಬರೆದ ಪ್ರತಿಯೊಬ್ಬರಿಗೂ ಒಂದು, ಗ್ರಂಥಾಲಯಕ್ಕೆ ಒಂದು. ಏನೇ ಆದರೂ ಫೆಬ್ರವರಿ ಮುಗಿಯುವುದರೊಳಗೆ ಹಂಚಿಬಿಡಿ. ಏಪ್ರಿಲ್‌ಗೆ ಮುಂದೂಡಿದರೆ ಏಳನೆಯ ತರಗತಿಯವರು ಟಿ.ಸಿ. ತೆಗೆದುಕೊಂಡು ಹೋಗಿಬಿಟ್ಟಿರುತ್ತಾರೆ.