ವಾಕಿಂಗ್ ಜೊತೆ ಆಂಟಿಆಕ್ಸಿಡೆಂಟ್ ಮಾತ್ರೆ ಬೇಕಾ?

ಪ್ರಶ್ನೆ: ನನಗೆ 46 ವರ್ಷ. ಶುಗರ್ ಗಡಿಯಲ್ಲಿದೆ ಅಂತ ಡಾಕ್ಟರು ಹೇಳಿದ ಮೇಲೆ ದಿನಾ ವಾಕಿಂಗ್ ಹೋಗುತ್ತಿದ್ದೇನೆ. ವಿಟಮಿನ್ ಸಿ, ಇ ಮಾತ್ರೆನೂ ತಗೊಳ್ಳಿ, ಜೀವಕೋಶ ಹಾಳಾಗಲ್ಲ ಅಂತ ಗೆಳೆಯರು ಹೇಳುತ್ತಾರೆ. ಅದನ್ನು ಕಾಯೋ ಕಿಣ್ವಗಳು ದೇಹದಲ್ಲೇ ಇವೆಯಂತಲ್ಲ? ಏನು ಮಾಡಲಿ?
– ಓದುಗರು, ಹಾಸನ

ಉತ್ತರ: ಹೌದು, ಇವೆ. ಗಾಯಕ್ಕೆ ಹೈಡ್ರೋಜನ್ ಪೆರಾಕ್ಸೈಡ್ ಹಾಕಿದಾಗ ಬುರುಬುರು ಅಂತ ನೊರೆ ಬರುತ್ತದೆ ಅಲ್ವಾ, ಅದು ಕ್ಯಾಟಲೇಸ್ ಅನ್ನೋ ಕಿಣ್ವದ ಕೆಲಸ. ಪೆರಾಕ್ಸೈಡನ್ನು ಒಡೆದು ನೀರು, ಆಮ್ಲಜನಕ ಮಾಡುತ್ತದೆ.

ಇದೇ ಪೆರಾಕ್ಸೈಡ್ ನಮ್ಮ ಜೀವಕೋಶದೊಳಗೂ ಹುಟ್ಟುತ್ತಲೇ ಇರುತ್ತದೆ. ಜೀವಕೋಶದ ಶಕ್ತಿಕೇಂದ್ರವಾದ ಮೈಟೊಕಾಂಡ್ರಿಯಾದಲ್ಲಿ ಆಹಾರದಿಂದ ಶಕ್ತಿ ತೆಗೆಯುವಾಗ ಸ್ವಲ್ಪ ಆಮ್ಲಜನಕ ಸೂಪರಾಕ್ಸೈಡ್ ಅನ್ನೋ ಹಾನಿ ಮಾಡಬಲ್ಲ ರೂಪಕ್ಕೆ ತಿರುಗುತ್ತದೆ. ಅದನ್ನು ಪೆರಾಕ್ಸೈಡ್ ಮಾಡುವುದು ಸೂಪರಾಕ್ಸೈಡ್ ಡಿಸ್ಮ್ಯುಟೇಸ್ ಅನ್ನೋ ಕಿಣ್ವ. 1969ರಲ್ಲಿ ವಿಜ್ಞಾನಿಗಳಾದ ಮೆಕಾರ್ಡ್ ಮತ್ತು ಫ್ರಿಡೋವಿಚ್ ಈ ಕಿಣ್ವದ ಕೆಲಸವನ್ನು ಕಂಡುಹಿಡಿದರು. ಆಮೇಲೆ ಕ್ಯಾಟಲೇಸ್, ಗ್ಲುಟಾಥಯೋನ್ ಪೆರಾಕ್ಸಿಡೇಸ್ ಮುಂತಾದವು ಆ ಪೆರಾಕ್ಸೈಡನ್ನು ನೀರು ಮಾಡುತ್ತವೆ.

ಹಾಗಂತ ಈ ಕಿಣ್ವಗಳನ್ನು ಬರೀ ಕಸ ಗುಡಿಸುವವು ಅಂದುಕೊಳ್ಳಬೇಡಿ. ಪೆರಾಕ್ಸೈಡ್ ಜಾಸ್ತಿಯಾದರೆ ವಿಷ, ಹದವಾಗಿದ್ದರೆ ಅದೇ ಒಂದು ಸಂದೇಶ. ಇನ್ಸುಲಿನ್ ಬಂದು ಜೀವಕೋಶದ ಬಾಗಿಲು ತಟ್ಟಿದಾಗ ಒಳಗೆ ಒಂಚೂರು ಪೆರಾಕ್ಸೈಡ್ ತಯಾರಾಗುತ್ತದೆ, ಇನ್ಸುಲಿನ್ ಹೇಳಿದ್ದನ್ನು ಅಳಿಸಿ ಹಾಕುವ ಇನ್ನೊಂದು ಕಿಣ್ವವನ್ನು ಅದು ಸ್ವಲ್ಪ ಹೊತ್ತು ಸುಮ್ಮನಿರಿಸುತ್ತದೆ, ಅಷ್ಟರಲ್ಲಿ ಸಕ್ಕರೆ ಒಳಗೆ ಹೋಗುವ ಕೆಲಸ ನಡೆಯುತ್ತದೆ. ಕೆಲಸ ಮುಗಿದ ಮೇಲೆ ಪೆರಾಕ್ಸೈಡನ್ನು ತೆಗೆಯಬೇಕು. ತೀರಾ ಬೇಗ ತೆಗೆದರೂ ತೊಂದರೆಯೇ. ಗ್ಲುಟಾಥಯೋನ್ ಪೆರಾಕ್ಸಿಡೇಸ್ ಅತಿಯಾಗಿ ತಯಾರಾಗುವಂತೆ ಮಾಡಿದ ಇಲಿಗಳು ದಪ್ಪಗಾದವು, ಇನ್ಸುಲಿನ್ ಅವುಗಳಿಗೆ ಸರಿಯಾಗಿ ನಾಟಲಿಲ್ಲ. 2004ರಲ್ಲಿ ಇದು ವರದಿಯಾದಾಗ ತುಂಬಾ ಜನರಿಗೆ ಅಚ್ಚರಿಯಾಗಿತ್ತು, ನನಗಂತೂ ಈಗಲೂ ಆಗುತ್ತದೆ.

ಇನ್ನು ನಿಮ್ಮ ವಾಕಿಂಗ್ ವಿಷಯ. ಮೈ ಬೆವರುವಷ್ಟು ನಡೆದಾಗ ಸ್ನಾಯುವಿನಲ್ಲಿ ಸೂಪರಾಕ್ಸೈಡ್, ಪೆರಾಕ್ಸೈಡ್‌ನಂಥ ಈ ಆಕ್ಸಿಡೆಂಟ್‌ಗಳು ಹೆಚ್ಚುತ್ತವೆ, ಆ ಹೆಚ್ಚಳವನ್ನು ನೋಡಿಯೇ ದೇಹ ತನ್ನ ಕಿಣ್ವಗಳನ್ನು ಇನ್ನಷ್ಟು ತಯಾರಿಸಿಕೊಳ್ಳುತ್ತದೆ, ಇನ್ಸುಲಿನ್‌ಗೂ ಚೆನ್ನಾಗಿ ಓಗೊಡುತ್ತದೆ. ಜರ್ಮನಿಯಲ್ಲಿ ನಡೆದು 2009ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಯುವಕರು 4 ವಾರ ವ್ಯಾಯಾಮ ಮಾಡಿದರು. ಕೆಲವರಿಗೆ ಆಕ್ಸಿಡೆಂಟ್‌ಗಳನ್ನು ತಣಿಸುವ ಆಂಟಿಆಕ್ಸಿಡೆಂಟ್‌ಗಳಾಗಿ ದಿನಕ್ಕೆ 1000 ಮಿಲಿಗ್ರಾಂ ವಿಟಮಿನ್ ಸಿ, 400 ಯೂನಿಟ್ ವಿಟಮಿನ್ ಇ ಕೊಟ್ಟರು. ಮಾತ್ರೆ ತಗೊಳ್ಳದವರಲ್ಲಿ ಇನ್ಸುಲಿನ್ ಕೆಲಸ ಸುಧಾರಿಸಿತು, ತಗೊಂಡವರಲ್ಲಿ ಸುಧಾರಿಸಲಿಲ್ಲ. ಅವರಲ್ಲಿ ದೇಹದ ಸ್ವಂತ ಕಿಣ್ವಗಳೂ ಹೆಚ್ಚಲಿಲ್ಲ.

ಹಾಗಾಗಿ ಶುಗರ್‌ಗೆ ಅಂತ ಸುಮ್ನೆ ಅಷ್ಟು ಡೋಸ್ ನುಂಗಬೇಡಿ. ನೆಲ್ಲಿಕಾಯಿ, ಸೀಬೆಹಣ್ಣು, ಸೊಪ್ಪು ಧಾರಾಳವಾಗಿ ತಿನ್ನಿ, ಊಟದಿಂದ ಸಿಗೋದು ಆ ಮಾತ್ರೆಯ ಅಳತೆಯಲ್ಲ. ಬೇರೆ ಕಾರಣಕ್ಕೆ ಡಾಕ್ಟರು ವಿಟಮಿನ್ ಬರೆದಿದ್ದರೆ ಮಾತ್ರ ನೀವಾಗಿ ನಿಲ್ಲಿಸಬೇಡಿ, ಅವರನ್ನು ಕೇಳಿ. ವಾಕಿಂಗ್ ಬಿಡಬೇಡಿ.