ಸಂಪಾದಕರ ಉತ್ತರ: ಮೀನು ತಿರಸ್ಕೃತವಾದರೆ ತಪ್ಪು ಯಾರದು?

ಮಲ್ಪೆಯ ಓದುಗರೇ,

ಯುರೋಪಿನವರು ನಮ್ಮ ಸಿಗಡಿ, ಬೊಂಡಾಸ(ಸ್ಕ್ವಿಡ್)ಗಳನ್ನು ಹಿಂದಕ್ಕೆ ಕಳುಹಿಸುವುದು ಆರೋಗ್ಯದ ಕಾಳಜಿಯಿಂದಲ್ಲ, ಬೆಲೆ ಇಳಿಸುವ ಹುನ್ನಾರದಿಂದ ಎಂದು ಬರೆದಿದ್ದೀರಿ. ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಎಲ್ಲ ನಿಯಮಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದಕ್ಕೆ ನನ್ನ ಒಪ್ಪಿಗೆಯಿಲ್ಲ.

ಬಂಗುಡೆಯನ್ನೇ ನೋಡಿ. ಸಾಕಷ್ಟು ಮಂಜುಗಡ್ಡೆಯಿಲ್ಲದೆ ದೋಣಿಯಲ್ಲಿ ಬಿಸಿಲಿಗೆ ಉಳಿದರೆ ಅದರ ಮಾಂಸದಲ್ಲಿ ಬ್ಯಾಕ್ಟೀರಿಯಾಗಳು ಹಿಸ್ಟಮಿನ್ ಎಂಬ ರಾಸಾಯನಿಕವನ್ನು ಹುಟ್ಟಿಸುತ್ತವೆ. ತಿಂದವರ ಮುಖ ಕೆಂಪಾಗುತ್ತದೆ, ಮೈಮೇಲೆ ದದ್ದು ಏಳುತ್ತದೆ, ತಲೆ ಸಿಡಿಯುತ್ತದೆ. ಒಮ್ಮೆ ಹುಟ್ಟಿದ ಹಿಸ್ಟಮಿನ್ ಕುದಿಸಿದರೂ ಹುರಿದರೂ ಹೆಪ್ಪುಗಟ್ಟಿಸಿದರೂ ಹೋಗುವುದಿಲ್ಲ. ಯುರೋಪಿನಲ್ಲಿ ಒಂದು ಸರಕಿನಿಂದ ಒಂಬತ್ತು ಮಾದರಿ ತೆಗೆಯುತ್ತಾರೆ, ಸರಾಸರಿ ಕೆ.ಜಿ.ಗೆ 100 ಮಿಲಿಗ್ರಾಂ ದಾಟುವಂತಿಲ್ಲ. ಇದರಲ್ಲಿ ಹುನ್ನಾರ ಎಲ್ಲಿದೆ?

ಬೊಂಡಾಸದಲ್ಲಿ ಸಿಗುವ ಕ್ಯಾಡ್ಮಿಯಂ ಎಂಬ ವಿಷಕಾರಿ ಲೋಹದ ವಿಷಯದಲ್ಲಿ ನಿಮ್ಮ ವಾದಕ್ಕೆ ಸ್ವಲ್ಪ ಬಲವಿದೆ. ಅಂತರರಾಷ್ಟ್ರೀಯ ಆಹಾರ ಸಂಹಿತೆಯಾದ ಕೋಡೆಕ್ಸ್ ಕೆ.ಜಿ.ಗೆ 2 ಮಿಲಿಗ್ರಾಂವರೆಗೆ ಒಪ್ಪಿದರೆ, ಯುರೋಪ್ 1ಕ್ಕೇ ನಿಲ್ಲಿಸುತ್ತದೆ. ಆದರೂ ಈ ಲೋಹ ಹೆಚ್ಚಾಗಿ ಸೇರಿಕೊಳ್ಳುವುದು ಹೊಟ್ಟೆಯೊಳಗಿನ ಜೀರ್ಣಗ್ರಂಥಿಯಲ್ಲಿ. ಬೇಗನೆ, ಒಡೆಯದಂತೆ ಅದನ್ನು ತೆಗೆದರೆ ಮಾಂಸಕ್ಕೆ ಇಳಿಯುವುದು ಕಡಿಮೆಯಾಗುತ್ತದೆ.

ನೀವು ನಿಜಕ್ಕೂ ಪ್ರಶ್ನಿಸಬೇಕಾದದ್ದು ಸಾಕಣೆ ಸಿಗಡಿಯ ಔಷಧ ಪರೀಕ್ಷೆಯನ್ನು. ಕ್ಲೋರಾಂಫೆನಿಕಾಲ್ ಎಂಬ ಆ್ಯಂಟಿಬಯೋಟಿಕ್ ಔಷಧದ ನಿಷೇಧ ಸರಿಯಾದದ್ದೇ. ಆದರೆ ಯುರೋಪ್ 2003ರಲ್ಲಿ ಪರೀಕ್ಷೆಯ ಮಿತಿಯನ್ನು ಕೆ.ಜಿ.ಗೆ 0.3 ಮೈಕ್ರೋಗ್ರಾಂ ಎಂದು ನಿಗದಿ ಮಾಡಿದ್ದು ಯಂತ್ರ ಎಷ್ಟು ಸಣ್ಣ ಪ್ರಮಾಣವನ್ನು ಹಿಡಿಯಬಲ್ಲದು ಎಂಬ ಲೆಕ್ಕದ ಮೇಲೆ. 2022ರಲ್ಲಿ ಅದು 0.15ಕ್ಕೆ ಇಳಿಯಿತು. ಅಷ್ಟು ಸೂಕ್ಷ್ಮ ಪರೀಕ್ಷೆಯ ಖರ್ಚನ್ನು ದೊಡ್ಡ ರಫ್ತುದಾರ ಹೊರುತ್ತಾನೆ, ಸಣ್ಣ ಕೆರೆಯ ರೈತ ಎಲ್ಲಿಂದ ತರಬೇಕು?

1997ರ ಆಗಸ್ಟ್‌ನಲ್ಲಿ ಕಾರ್ಖಾನೆಗಳ ನೈರ್ಮಲ್ಯ ಸಾಲದೆಂದು ಯುರೋಪ್ ಭಾರತದ ಮೀನನ್ನು ನಿಷೇಧಿಸಿದಾಗಲೂ ಹೀಗೆಯೇ ಆಯಿತು. ವರ್ಷದ ಕೊನೆಗೆ, ಸುಧಾರಿಸಿಕೊಂಡು ಅನುಮೋದನೆ ಪಡೆದ ಘಟಕಗಳಿಗೆ ಮಾತ್ರ ದಾರಿ ತೆರೆಯಿತು. ಸಿಗಡಿ ಸುಲಿಯುವ ಕೆಲಸ ಸಣ್ಣ ಶೆಡ್ಡುಗಳಿಂದ ಕಾರ್ಖಾನೆಯೊಳಕ್ಕೆ ಸರಿಯಿತು. ಆ ಶೆಡ್ಡುಗಳಲ್ಲಿ ದುಡಿಯುತ್ತಿದ್ದವರು ಬಹುಪಾಲು ಹೆಂಗಸರು. ಶುಚಿತ್ವಕ್ಕಾಗಿ ಅವರ ಕೂಲಿ ಕಿತ್ತುಕೊಳ್ಳಬೇಕಿರಲಿಲ್ಲ. ಶೆಡ್ಡಿಗೇ ಒಳ್ಳೆಯ ನೀರು, ಸಾಲ, ತರಬೇತಿ ಕೊಡಬಹುದಿತ್ತು.

ನಿಮ್ಮ ಪತ್ರದಲ್ಲಿ ಇಲ್ಲದ ಒಂದು ವಿಷಯ ನನ್ನನ್ನು ಇನ್ನೂ ಹೆಚ್ಚು ಕಾಡುತ್ತದೆ. ಹೊರದೇಶಕ್ಕೆ ಹೋಗುವ ಮೀನಿಗೆ ಇಷ್ಟು ತಪಾಸಣೆ ನಡೆಯುತ್ತಿರುವಾಗ, ನಮ್ಮ ಸಂತೆಯ ಬುಟ್ಟಿಯ ಬಂಗುಡೆಗೆ ಯಾರು ಮಂಜುಗಡ್ಡೆ ಹಾಕಿಸುತ್ತಾರೆ? ನಿಮ್ಮ ಮೀನುಗಾರರ ಸಂಘದ ಮುಂದಿನ ಸಭೆಯಲ್ಲಿ ಯುರೋಪಿನ ಮಾತಿಗಿಂತ ಮೊದಲು ಇದನ್ನು ಎತ್ತಿ. ಅಲ್ಲಿ ಏನು ತೀರ್ಮಾನವಾಯಿತೆಂದು ಬರೆದು ತಿಳಿಸಿ, ಪ್ರಕಟಿಸುತ್ತೇವೆ.

- ಸಂಪಾದಕ